ದೀಪ ಹಿಡಿದವಳ ಕಣ್ಣು

ಕಲಘಟಗಿಯ ತೊಟ್ಟಿಲಿನ ಹೆಸರು ಕೇಳದ ಮನೆ ನಮ್ಮ ಕಡೆ ಕಡಿಮೆ. ಹುಬ್ಬಳ್ಳಿಯಿಂದ ಯಲ್ಲಾಪುರದ ಹಾದಿ ಹಿಡಿದು ಹೊರಟರೆ, ಎರೆಭೂಮಿ ಹಿಂದುಳಿದು ಬತ್ತದ ಗದ್ದೆಗಳೂ ಮಲೆನಾಡಿನ ಸೆರಗೂ ಕಾಣತೊಡಗುವಲ್ಲಿ ಸಿಗುವ ಊರು ಅದು. ಅಲ್ಲಿಯ ಕುಶಲಿಗರು ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ರಾಮಾಯಣದ ಪ್ರಸಂಗಗಳನ್ನೂ ಬಾಲಕೃಷ್ಣನ ಲೀಲೆಗಳನ್ನೂ ಬರೆದು ಕಟ್ಟುವ ತೊಟ್ಟಿಲು ಒಂದು ತಲೆಮಾರಿನಿಂದ ಮತ್ತೊಂದು ತಲೆಮಾರಿಗೆ ಕೈ ಬದಲಾಗುತ್ತ ಬಾಳುತ್ತದೆ. ಚೊಚ್ಚಲ ಬಾಣಂತಿಗೆ ತವರಿನಿಂದ ತೊಟ್ಟಿಲು ಬರುವ ದಿನ ಮನೆಗೆಲ್ಲ ಹಬ್ಬ.

ಆದರೆ ಹಿಂದಿನ ಕಾಲದಲ್ಲಿ, ತೊಟ್ಟಿಲು ಬಂದಿಳಿಯುವ ಹೊತ್ತಿಗೆ ಅದನ್ನು ತೂಗಬೇಕಾದ ಕೈಯೇ ಇಲ್ಲವಾದ ಸಂಗತಿಗಳು ಅಪರೂಪವಾಗಿರಲಿಲ್ಲ. ಹೆರಿಗೆ ಸುಸೂತ್ರವಾಯಿತೆಂದು ಹಿರಿಯರು ದೇವರಿಗೆ ಕಾಯಿ ಒಡೆಸಿದ ಮೂರನೆಯ ದಿನವೋ ನಾಲ್ಕನೆಯ ದಿನವೋ ಬಾಣಂತಿಯ ಮೈ ಕಾಯುವುದು, ಚಳಿ ಬಂದು ನಡುಗುವಳು, ಮಾತು ತಪ್ಪುವುದು, ವಾರ ತುಂಬುವುದರೊಳಗೆ ಎಲ್ಲ ಮುಗಿಯುವುದು. ಮನೆಯವರು ಅದಕ್ಕೆ ಬಾಣಂತಿ ಸನ್ನಿಯೆಂದು ಹೆಸರಿಟ್ಟು, ಹಣೆಬರಹವೆಂದು ಸಮಾಧಾನ ಹೇಳಿಕೊಳ್ಳುತ್ತಿದ್ದರು. ಆ ಹಣೆಬರಹದ ಮೊದಲ ಅಕ್ಷರಗಳು ಎರಡು ದಿನ ಮುಂಚೆಯೇ ಆಕೆಯ ನಾಡಿಯಲ್ಲಿ, ಮುಖದ ಬಣ್ಣದಲ್ಲಿ, ಉಸಿರಿನ ವೇಗದಲ್ಲಿ ಮೂಡಿರುತ್ತಿದ್ದುವು. ಓದಬಲ್ಲವರು ಹತ್ತಿರ ಇರಲಿಲ್ಲ, ಅಷ್ಟೆ.

ನಮ್ಮ ವೈದ್ಯಶಾಸ್ತ್ರ ಇಂತಹುದಕ್ಕೆ ಉಪದ್ರವವೆಂದು ಹೆಸರಿಟ್ಟಿದೆ. ಮೂಲರೋಗದ ಬೆನ್ನಿಗೇ ಹುಟ್ಟಿ, ಎಷ್ಟೋ ವೇಳೆ ಮೂಲರೋಗಕ್ಕಿಂತ ಕೇಡಾಗಿ ಪರಿಣಮಿಸುವ ತೊಡಕು ಅದು. ಕಾಲು ಮುರಿದು ಮಲಗಿದವನು ಕಾಲಿನ ದೆಸೆಯಿಂದ ಸಾಯುವುದಿಲ್ಲ; ಹೊರಳಿಸುವವರಿಲ್ಲದೆ ಬೆನ್ನಿನಲ್ಲೆದ್ದ ಹಾಸಿಗೆಹುಣ್ಣು ನಂಜೇರಿ ಸಾಯುತ್ತಾನೆ. ಇದನ್ನು ತಡೆಯಬಲ್ಲವರು ಯಾರು? ವೈದ್ಯ ಬಂದು ನೋಡಿ ಹೋಗುವವನು. ಹಗಲಿರುಳು ರೋಗಿಯ ಬಳಿ ಇರುವವರು ಬೇರೆ. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವಾಗ ವೈದ್ಯ, ಔಷಧ, ರೋಗಿ ಇವುಗಳ ಸಮಕ್ಕೆ ಪರಿಚಾರಕನನ್ನೂ ಎಣಿಸಿ, ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವಗಳೆಂಬ ನಾಲ್ಕು ಗುಣಗಳನ್ನು ಅವನಲ್ಲಿ ಬಯಸಿದೆ. ಶಾಸ್ತ್ರ ಕೊಟ್ಟ ಈ ಗೌರವವನ್ನು ಲೋಕ ಮಾತ್ರ ಕೊಡಲಿಲ್ಲ. ನಮ್ಮಲ್ಲಿಯೂ ಇಲ್ಲ, ಪಶ್ಚಿಮದಲ್ಲಿಯೂ ಇಲ್ಲ. ಆ ಗೌರವವನ್ನು ದುಡಿದು ಗಳಿಸಿಕೊಟ್ಟವಳು, ಪರಿಚರ್ಯೆಯನ್ನು ಕಲಿಯಬಹುದಾದ ಮತ್ತು ಕಲಿಸಬಹುದಾದ ವಿದ್ಯೆಯನ್ನಾಗಿ ಮಾಡಿದವಳು ಫ್ಲಾರೆನ್ಸ್ ನೈಟಿಂಗೇಲ್. ದೀಪಧಾರಿಣಿಯೆಂದು ಶಾಲೆಯ ಮಕ್ಕಳೂ ಬಲ್ಲ ಹೆಸರು ಅದು. ಆಕೆಯ ಕೈಯ ದೀಪ ಎಲ್ಲರಿಗೂ ಕಂಡಿದೆ. ಆ ದೀಪದ ಬೆಳಕಿನಲ್ಲಿ ಆಕೆ ಏನನ್ನು ಕಂಡಳು, ಒಮ್ಮೆ ಏನನ್ನು ಕಾಣದೆ ಹೋದಳು, ಕಾಣದುದಕ್ಕೆ ಹೇಗೆ ಪ್ರಾಯಶ್ಚಿತ್ತ ಮಾಡಿಕೊಂಡಳು ಎಂಬುದನ್ನು ಸ್ವಲ್ಪ ವಿಚಾರಿಸಬಹುದು.

ಆಕೆ ಹುಟ್ಟಿದ್ದು ೧೮೨೦ನೆಯ ಇಸವಿ ಮೇ ೧೨ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಶ್ರೀಮಂತ ಇಂಗ್ಲಿಷ್ ದಂಪತಿಗಳು ಯುರೋಪಿನ ಪ್ರವಾಸದಲ್ಲಿದ್ದಾಗ ಹುಟ್ಟಿದ ಮಗುವಿಗೆ ಹುಟ್ಟಿದೂರಿನ ಹೆಸರನ್ನೇ ಇಟ್ಟರು. ಒಂದು ವರ್ಷ ಮೊದಲು ನೇಪಲ್ಸಿನಲ್ಲಿ ಹುಟ್ಟಿದ ಅಕ್ಕನಿಗೆ ಆ ನಗರದ ಪುರಾತನ ಗ್ರೀಕ್ ಹೆಸರು ಪಾರ್ಥೆನೊಪಿ. ಬೇಸಗೆಗೊಂದು ಮನೆ, ಚಳಿಗಾಲಕ್ಕೊಂದು ಮನೆ, ಲಂಡನ್ನಿನ ಸಂತೋಷಕೂಟಗಳು. ಮನೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ತಂದೆ ವಿಲಿಯಂ ನೈಟಿಂಗೇಲ್ ವಿದ್ಯಾವಂತ. ಹೆಣ್ಣುಮಕ್ಕಳಿಗೆ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಆತನೇ ಕುಳಿತು ಕಲಿಸಿದನು. ಕಿರಿಯ ಮಗಳಿಗೆ ಗಣಿತದ ಹುಚ್ಚು ಹಿಡಿಯಿತು. ಅಂಕಿಗಳನ್ನು ಪಟ್ಟಿ ಮಾಡುವುದು, ಹೋಲಿಸುವುದು, ಅವುಗಳ ಹಿಂದಿನ ಕಾರಣವನ್ನು ಹುಡುಕುವುದು ಆಕೆಗೆ ಬೇರೆಯವರ ಸಂಗೀತದಂತೆ ಸುಖ ಕೊಡುತ್ತಿದ್ದುವು.

ಹದಿನಾರನೆಯ ವಯಸ್ಸಿನಲ್ಲಿ, ೧೮೩೭ರ ಫೆಬ್ರವರಿಯಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ಅನುಭವವಾಯಿತು. ಯಾವ ಸೇವೆ ಎಂಬುದು ತಿಳಿಯಲು ಹಲವು ವರ್ಷ ಹಿಡಿಯಿತು. ತಿಳಿದ ಮೇಲೆ ಮನೆಯವರನ್ನು ಒಪ್ಪಿಸಲು ಇನ್ನೂ ಹಲವು ವರ್ಷ. ೧೮೪೫ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಕೆಲಸ ಕಲಿಯುತ್ತೇನೆಂದಾಗ ತಾಯಿ ಬೆದರಿದಳು, ಅಕ್ಕ ಅತ್ತಳು. ಅವರನ್ನು ಸಂಪೂರ್ಣವಾಗಿ ತಪ್ಪೆನ್ನುವಂತಿಲ್ಲ. ಆ ಕಾಲದ ಆಸ್ಪತ್ರೆಯ ದಾದಿಯೆಂದರೆ ಬೇರೆ ಗತಿಯಿಲ್ಲದೆ ಬಂದವಳು, ಕುಡಿತಕ್ಕೆ ಬಿದ್ದವಳು, ವಾರ್ಡಿನ ನಾತದಲ್ಲಿಯೇ ಮಲಗೇಳುವವಳು ಎಂಬ ಕಲ್ಪನೆ ಇತ್ತು. ಗೌರವಸ್ಥರ ಮಗಳು ಅಲ್ಲಿಗೆ ಹೋಗುವುದೆಂದರೆ ಕುಲಕ್ಕೇ ಕುಂದು. ಒಂಬತ್ತು ವರ್ಷ ಕಾದಿದ್ದ ಒಬ್ಬ ಸುಸಂಸ್ಕೃತ ಕವಿಯ ವಿವಾಹದ ಬೇಡಿಕೆಯನ್ನು ೧೮೪೯ರಲ್ಲಿ ಆಕೆ ನಿರಾಕರಿಸಿದಳು. ಅವನಲ್ಲಿ ಪ್ರೀತಿಯಿಲ್ಲದೆ ಅಲ್ಲ. ಅವನ ಮನೆಯೊಡತಿಯಾಗಿ ಬಾಳಿದರೆ ತನ್ನೊಳಗಿನ ಕರೆ ಉಸಿರುಗಟ್ಟಿ ಹೋಗುವುದೆಂಬ ಭಯದಿಂದ.

೧೮೫೧ರಲ್ಲಿ ಜರ್ಮನಿಯ ಕೈಸರ್ಸ್‌ವರ್ಟ್ ಎಂಬಲ್ಲಿ, ಪಾದ್ರಿ ಫ್ಲೀಡ್ನರನು ನಡೆಸುತ್ತಿದ್ದ ಸೇವಾಶ್ರಮದಲ್ಲಿ ಆಕೆ ಸುಮಾರು ಮೂರು ತಿಂಗಳು ಕೆಲಸ ಕಲಿತಳು. ೧೮೫೩ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟಿನ ಒಂದು ಚಿಕ್ಕ ಮಹಿಳಾ ಆಸ್ಪತ್ರೆಯ ಮೇಲ್ವಿಚಾರಣೆ ಸಿಕ್ಕಿತು. ಅಲ್ಲಿ ಆಕೆ ಮೊದಲು ಮಾಡಿಸಿದ ಏರ್ಪಾಡುಗಳನ್ನು ನೋಡಿದರೆ ಮುಂದಿನದೆಲ್ಲ ಅದರಲ್ಲಿಯೇ ಬೀಜರೂಪವಾಗಿ ಕಾಣುತ್ತದೆ. ರೋಗಿ ಗಂಟೆ ಬಾರಿಸಿದರೆ, ಬಾರಿಸಿದವರು ಯಾರೆಂಬುದು ದಾದಿಗೆ ತಕ್ಷಣ ಗೊತ್ತಾಗುವಂತೆ ಪ್ರತಿ ಅಂತಸ್ತಿನಲ್ಲಿಯೂ ತೆರೆದುಕೊಳ್ಳುವ ಗುರುತು ಇರಬೇಕು. ಊಟ ಬಿಸಿಬಿಸಿಯಾಗಿ ಮೇಲೇರಲು ರಾಟೆಯ ಏರ್ಪಾಡು ಇರಬೇಕು. ದಾದಿಯ ಕಾಲು ಮೆಟ್ಟಿಲು ಹತ್ತಿಳಿಯುವುದರಲ್ಲಿ ಸವೆದುಹೋದರೆ ರೋಗಿಯನ್ನು ನೋಡುವ ಕಣ್ಣಿಗೆ ಬಿಡುವೆಲ್ಲಿ, ಎಂಬುದೇ ಅದರ ಹಿಂದಿನ ವಿಚಾರ.

ಅಷ್ಟರಲ್ಲಿ ಕ್ರಿಮಿಯಾ ಯುದ್ಧ ಹೊತ್ತಿತು. ಗಾಯಗೊಂಡ ಸಿಪಾಯಿಗಳು ಆರೈಕೆಯಿಲ್ಲದೆ ಸಾಯುತ್ತಿದ್ದಾರೆಂಬ ವರದಿಗಳು ಪತ್ರಿಕೆಯಲ್ಲಿ ಬಂದು ಇಂಗ್ಲೆಂಡು ತಲ್ಲಣಿಸಿತು. ಯುದ್ಧಖಾತೆಯ ಸಚಿವ ಸಿಡ್ನಿ ಹರ್ಬರ್ಟ್ ಆಕೆಯ ಸ್ನೇಹಿತ. ಆತನ ಕೋರಿಕೆಯಂತೆ ೧೮೫೪ರ ಅಕ್ಟೋಬರಿನಲ್ಲಿ ೩೮ ಜನ ದಾದಿಯರೊಡನೆ ಹೊರಟು, ನವೆಂಬರ್ ೪ರಂದು ಕಾನ್‌ಸ್ಟಾಂಟಿನೋಪಲ್ಲಿಗೆ ಎದುರಾದ ಸ್ಕುಟಾರಿಯ ದೊಡ್ಡ ಸೇನಾ ಆಸ್ಪತ್ರೆಯನ್ನು ಸೇರಿದಳು. ಮಿಲಿಟರಿ ಡಾಕ್ಟರರಿಗೆ ಇದು ಹಿಡಿಸಲಿಲ್ಲ. ಅವರು ಕರೆಯುವವರೆಗೆ ಯಾವ ದಾದಿಯೂ ವಾರ್ಡಿಗೆ ಕಾಲಿಡಕೂಡದೆಂದು ಆಕೆಯೇ ಅಪ್ಪಣೆ ಮಾಡಿ, ಎಲ್ಲರನ್ನೂ ಬಟ್ಟೆ ಹೊಲಿಯುವುದಕ್ಕೆ ಕೂರಿಸಿದಳು. ಇಂಕರ್ಮನ್ ಕದನದ ಗಾಯಾಳುಗಳು ಹಡಗು ಹಡಗಾಗಿ ಬಂದಿಳಿದಾಗ ಕರೆ ತಾನಾಗಿ ಬಂದಿತು.

ಆ ಚಳಿಗಾಲದ ಕತೆಯನ್ನು ಲೋಕ ಬಲ್ಲುದು. ಮೊಳಕಾಲಿನ ಮೇಲೆ ಕುಳಿತು ನೆಲ ಉಜ್ಜಿಸಿದಳು; ಬಟ್ಟೆ ಕುದಿಸಲು ಹಂಡೆಗಳನ್ನು ಹೂಡಿಸಿದಳು; ಅಶಕ್ತರಿಗಾಗಿ ಬೇರೆ ಅಡಿಗೆಮನೆ ತೆರೆದಳು; ಸತ್ತವರ ಮನೆಗಳಿಗೆ ತಾನೇ ಕಾಗದ ಬರೆದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ತುರ್ಕಿ ಕಂದೀಲನ್ನು ಹಿಡಿದು, ಹಾಸಿಗೆಗಳ ಕೊನೆಯಿಲ್ಲದ ಸಾಲುಗಳ ನಡುವೆ ಒಬ್ಬಳೇ ಸುತ್ತಿದಳು. ಆ ಸುತ್ತು ಕೇವಲ ಕರುಣೆಯ ಸುತ್ತಾಗಿರಲಿಲ್ಲ; ತಪಾಸಣೆಯೂ ಆಗಿತ್ತು. ಸಂಜೆ ಕಂಡಂತೆಯೇ ಈಗಲೂ ಇದ್ದಾನೆಯೆ? ಯಾರ ಕಟ್ಟು ರಕ್ತಕ್ಕೆ ತೊಯ್ದಿದೆ? ಯಾರ ಪಾದ ತಣ್ಣಗಾಗುತ್ತಿದೆ? ಕಂದೀಲು ಹಾಸಿಗೆ ಹಾಸಿಗೆಗೂ ನಿಂತು ಕೇಳುತ್ತಿದ್ದ ಪ್ರಶ್ನೆಗಳು ಇಂಥವು.

ಇಷ್ಟಾದರೂ ಸಾವು ನಿಲ್ಲಲಿಲ್ಲ. ಇದನ್ನು ಆಕೆಯ ಭಕ್ತರು ಸಾಮಾನ್ಯವಾಗಿ ಹೇಳುವುದಿಲ್ಲ. ೧೮೫೫ರ ಫೆಬ್ರವರಿಯಲ್ಲಿ ಅಲ್ಲಿ ಸೇರಿದ ರೋಗಿಗಳಲ್ಲಿ ನೂರಕ್ಕೆ ಸುಮಾರು ೪೨ ಜನ ಸತ್ತರು. ಗುಂಡಿನ ಗಾಯದಿಂದ ಸತ್ತವರು ಸ್ವಲ್ಪ ಜನ. ಆಮಶಂಕೆ, ವಿಷಮಜ್ವರ, ಕಾಲರಾಗಳಿಂದ ಸತ್ತವರೇ ಬಹುಪಾಲು. ಆ ಕಟ್ಟಡದ ತಳದಲ್ಲಿ ಹೂಳು ತುಂಬಿದ ಮೋರಿಗಳಿದ್ದುವು. ಅಲ್ಲಿಯ ಗಾಳಿ ವಾರ್ಡುಗಳನ್ನು ಹೊಗುತ್ತಿತ್ತು. ಕುಡಿಯುವ ನೀರಿನ ದಾರಿಯಲ್ಲಿ ಸತ್ತ ಪ್ರಾಣಿ ಬಿದ್ದಿತ್ತು. ಮಾರ್ಚಿನಲ್ಲಿ ಲಂಡನ್ನಿನಿಂದ ಬಂದ ನೈರ್ಮಲ್ಯ ಆಯೋಗದವರು ಮೋರಿಗಳನ್ನು ತೊಳೆಸಿ, ಗಾಳಿಗೆ ಕಿಂಡಿಗಳನ್ನು ತೆಗೆಸಿ, ಹೊಲಸನ್ನು ಗಾಡಿಗಟ್ಟಲೆ ಹೊರಹಾಕಿಸಿದರು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು.

೧೮೫೬ರ ಆಗಸ್ಟಿನಲ್ಲಿ ಮೆರವಣಿಗೆಗಳನ್ನು ತಪ್ಪಿಸಿಕೊಂಡು, ಬೇರೆ ಹೆಸರಿನಲ್ಲಿ ಪ್ರಯಾಣ ಮಾಡಿ ಮನೆ ಸೇರಿದ ನೈಟಿಂಗೇಲಳು ಮುಂದೆ ಮಾಡಿದ ಕೆಲಸವೇ ಆಕೆಯ ನಿಜವಾದ ದೊಡ್ಡತನ. ಸರ್ಕಾರದ ಅಂಕಿಅಂಶಗಳ ತಜ್ಞನಾದ ವಿಲಿಯಂ ಫಾರ್ ಎಂಬವನ ಜೊತೆ ಕುಳಿತು ಸತ್ತವರ ಲೆಕ್ಕವನ್ನು ತಿಂಗಳು ತಿಂಗಳಾಗಿ ಬಿಡಿಸಿದಳು. ಅನ್ನಬಟ್ಟೆಯ ಕೊರತೆ, ತಡವಾದ ಸಾಗಾಟ ಇವೇ ಸಾವಿಗೆ ಮುಖ್ಯ ಕಾರಣಗಳೆಂದು ಆಕೆ ಮೊದಲು ನಂಬಿದ್ದಳು. ಅಂಕಿಗಳು ಬೇರೆ ಮಾತನ್ನಾಡಿದುವು. ಯುದ್ಧಭೂಮಿಯ ಸಮೀಪದ ಡೇರೆಗಳಿಗಿಂತ ಆಕೆಯೇ ದುಡಿದ ಸ್ಕುಟಾರಿಯಲ್ಲಿ ಹೆಚ್ಚು ಜನ ಸತ್ತಿದ್ದರು. ಕಿಕ್ಕಿರಿದ ವಾರ್ಡು, ಕೆಟ್ಟ ಮೋರಿ, ಗಾಳಿಯಿಲ್ಲದ ಗೋಡೆ ಇವು ಅವರನ್ನು ಕೊಂದಿದ್ದುವು. ಒಂದೊಂದು ಹಾಸಿಗೆಯ ಮುಂದೂ ಕಂದೀಲು ಹಿಡಿದು ನಿಂತವಳಿಗೆ, ಹಾಸಿಗೆಗಳನ್ನೆಲ್ಲ ಹೊತ್ತಿದ್ದ ಕಟ್ಟಡವೇ ರೋಗವಾಗಿದ್ದುದು ಕಂಡಿರಲಿಲ್ಲ. ಈ ಅರಿವೇ ೧೮೫೭ರಲ್ಲಿ ಆಕೆಯನ್ನು ಹಾಸಿಗೆ ಹಿಡಿಸಿತೆಂದು ಕೆಲವು ಚರಿತ್ರಕಾರರ ಅಭಿಪ್ರಾಯ; ಯುದ್ಧಭೂಮಿಯಲ್ಲಿ ತಗುಲಿದ ಜ್ವರದ ಬೇರು ಮೈಯಲ್ಲಿ ಉಳಿದುದೇ ಕಾರಣವೆಂದು ಉಳಿದವರ ಮತ. ಕಾರಣ ಯಾವುದಾದರೂ ಇರಲಿ, ಮುಂದಿನ ಬದುಕಿನ ಬಹುಭಾಗವನ್ನು ಆಕೆ ಕೋಣೆಯೊಳಗೇ ಕಳೆದಳು.

ಬೇರೆಯವರಾಗಿದ್ದರೆ ಆ ಲೆಕ್ಕವನ್ನು ಮುಚ್ಚಿಡುತ್ತಿದ್ದರು. ದೇಶವೆಲ್ಲ ದೇವತೆಯೆಂದು ಪೂಜಿಸುತ್ತಿದ್ದಾಗ ತನ್ನ ಆಸ್ಪತ್ರೆಯ ಸೋಲನ್ನು ತಾನೇ ಸಾರುವುದು ಯಾರಿಗೆ ಬೇಕು? ನೈಟಿಂಗೇಲಳು ಅದನ್ನು ಚಿತ್ರ ಮಾಡಿಸಿ ಅಚ್ಚು ಹಾಕಿಸಿದಳು. ವರ್ಷದ ಹನ್ನೆರಡು ತಿಂಗಳು ಹನ್ನೆರಡು ದಳಗಳಾಗಿ ಬಿರಿದ ವರ್ತುಲಾಕಾರದ ಚಿತ್ರ ಅದು. ಗಾಯದಿಂದ ಸತ್ತವರದು ಕೆಂಪು, ತಡೆಯಬಹುದಾಗಿದ್ದ ರೋಗಗಳಿಂದ ಸತ್ತವರದು ನೀಲಿ. ಓದು ಬಾರದವನೂ ನೋಡಿದೊಡನೆ ನೀಲಿಯ ಹರವಿಗೆ ಬೆಚ್ಚಬೇಕು. ೧೮೫೮ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಆಕೆಯನ್ನು ತನ್ನ ಮೊದಲನೆಯ ಮಹಿಳಾ ಸದಸ್ಯೆಯನ್ನಾಗಿ ಆರಿಸಿಕೊಂಡಿತು. ಕಣ್ಣು ಒಬ್ಬ ರೋಗಿಯನ್ನು ಕಾಣುತ್ತದೆ, ಲೆಕ್ಕ ಸಾವಿರ ರೋಗಿಗಳನ್ನು ಕಾಣುತ್ತದೆ. ಎರಡೂ ಕೂಡಿದಲ್ಲದೆ ಶುಶ್ರೂಷೆ ಪೂರ್ಣವಾಗದು. ಸ್ಕುಟಾರಿ ಆಕೆಗೆ ಕಲಿಸಿದ ಪಾಠ ಇದು. ತೆತ್ತ ಶುಲ್ಕ ಬಹಳ ದೊಡ್ಡದು.

ಈ ಪಾಠವನ್ನು ಮನೆಮನೆಯ ಹೆಂಗಸರಿಗೂ ತಿಳಿಯುವಂತೆ ಆಕೆ ಬರೆದ ಶುಶ್ರೂಷೆಯ ಕಿರುಹೊತ್ತಗೆ ೧೮೫೯ರ ಕೊನೆಗೆ ಸಿದ್ಧವಾಯಿತು. ಅದರಲ್ಲಿ ರೋಗಿಯನ್ನು ಗಮನಿಸುವುದನ್ನು ಕುರಿತ ಅಧ್ಯಾಯವನ್ನು ಇಂದು ಓದಿದರೂ ಹಳತೆನಿಸದು. ರಾತ್ರಿ ಚೆನ್ನಾಗಿ ನಿದ್ದೆ ಬಂದಿತೆ ಎಂದು ಕೇಳುವುದು ವ್ಯರ್ಥ. ಎಷ್ಟು ಗಂಟೆ ಮಲಗಿದ, ಯಾವ ಹೊತ್ತಿನಲ್ಲಿ ಎಚ್ಚರವಾಯಿತು ಎಂದು ಕೇಳಬೇಕು. ಊಟ ಮಾಡಿದನೆಂದರೆ ಸಾಲದು. ಬಟ್ಟಲಿನಲ್ಲಿ ಉಳಿದದ್ದೆಷ್ಟೆಂದು ನೋಡಬೇಕು. ಬೆಳಗಿನ ಜಾವದಲ್ಲಿ ಅಶಕ್ತರ ಮೈಯ ಕಾವು ಸದ್ದಿಲ್ಲದೆ ಇಳಿಯುವುದರಿಂದ ಆ ಹೊತ್ತಿನಲ್ಲಿ ದಾದಿ ತನ್ನ ಕೈಯಿಂದಲೇ ಅವರ ಪಾದಗಳನ್ನು ಮುಟ್ಟಿ ನೋಡಬೇಕು. ತಣ್ಣಗಿದ್ದರೆ ಬಿಸಿನೀರಿನ ಶೀಶೆ ಇಡಬೇಕು, ಬಿಸಿ ಪಾನೀಯ ಕೊಡಬೇಕು. ಹಾಸಿಗೆಹುಣ್ಣು ರೋಗದ ತಪ್ಪಲ್ಲ, ಬಹುಮಟ್ಟಿಗೆ ಆರೈಕೆಯ ತಪ್ಪು. ದಾದಿ ದಿನದಲ್ಲಿ ಹಲವು ಸಲ ಕೈ ತೊಳೆದುಕೊಳ್ಳಬೇಕು. ತಾನು ಇಲ್ಲದ ಹೊತ್ತಿನಲ್ಲಿಯೂ, ತಾನಿದ್ದಾಗ ಆಗುವ ಕೆಲಸವೆಲ್ಲ ಆಗುವಂತೆ ವ್ಯವಸ್ಥೆ ಮಾಡಿಟ್ಟು ಹೋಗುವುದೇ ಅವಳ ಜವಾಬ್ದಾರಿ. ಗಮನಿಸುವುದು ವಿಷಯಗಳ ಗಂಟು ಕಟ್ಟುವುದಕ್ಕಲ್ಲ, ಜೀವ ಉಳಿಸುವುದಕ್ಕೆ. ಇದು ಆ ಅಧ್ಯಾಯದ ಸಾರ.

ಕೃತಜ್ಞರಾದ ಜನ ಕೂಡಿಸಿಕೊಟ್ಟ ನಿಧಿಯಿಂದ ೧೮೬೦ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಿಕ್ಷಣಶಾಲೆ ಆರಂಭವಾಯಿತು. ವಿದ್ಯಾರ್ಥಿನಿಯರು ಕಲಿಯಬೇಕಾದ ಸಂಗತಿಗಳ ಪಟ್ಟಿಯೊಂದು ಅಲ್ಲಿತ್ತು. ರೋಗಿಯ ನಾಡಿ, ಚರ್ಮ, ಹಸಿವು, ಕಫ, ಉಸಿರಾಟ, ನಿದ್ರೆ, ಬುದ್ಧಿಯ ಮಂಕು ಅಥವಾ ಬಡಬಡಿಕೆ, ಗಾಯದ ಸ್ಥಿತಿ, ಪಥ್ಯದಿಂದಲೂ ಔಷಧದಿಂದಲೂ ಆದ ಪರಿಣಾಮ ಇವನ್ನು ಕಟ್ಟುನಿಟ್ಟಾಗಿ ಗಮನಿಸಿ ವರದಿ ಮಾಡಲು ಬರಬೇಕು. ಅಸಹಾಯಕ ರೋಗಿಯನ್ನು ಹೊರಳಿಸಲು, ಬೆಚ್ಚಗಿಡಲು, ಹಾಸಿಗೆಹುಣ್ಣು ಏಳದಂತೆ ಕಾಯಲು ಬರಬೇಕು. ಗುಡಿಸಿ ಸಾರಿಸುವ ಆಳಿನ ಮಟ್ಟದಿಂದ ದಾದಿ ಮೇಲೆದ್ದು ನಿಂತದ್ದು ಈ ಪಟ್ಟಿಯ ಬಲದಿಂದ.

ಇನ್ನು ಬಾಣಂತಿಯರ ವಿಷಯ. ಹಳ್ಳಿಗಳಿಗೆ ತರಬೇತಾದ ಸೂಲಗಿತ್ತಿಯರನ್ನು ಒದಗಿಸಬೇಕೆಂಬ ಆಸೆಯಿಂದ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಆಕೆಯ ನಿಧಿಯಿಂದ ಒಂದು ಹೆರಿಗೆ ವಾರ್ಡನ್ನು ತೆರೆಯಲಾಗಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿ ಬಾಣಂತಿಜ್ವರ ಕಾಣಿಸಿಕೊಂಡಿತು. ಸ್ಕುಟಾರಿಯಲ್ಲಿ ತಡವಾಗಿ ಕಂಡುದನ್ನು ಇಲ್ಲಿ ತಡಮಾಡದೆ ಕಾಣಬೇಕಾಗಿತ್ತು. ಲೆಕ್ಕ ತೆಗೆಸಿದಳು. ಮನೆಯಲ್ಲಿ ಹೆರುವ ಬಡ ಹೆಂಗಸರಲ್ಲಿ ಸಾವಿರಕ್ಕೆ ಐವರ ಆಸುಪಾಸಿನಲ್ಲಿ ಸತ್ತರೆ, ಸುಸಜ್ಜಿತವಾದ ತನ್ನ ವಾರ್ಡಿನಲ್ಲಿ ಸಾವಿರಕ್ಕೆ ಮೂವತ್ತು ಮೀರಿತ್ತು. ೧೮೬೭ರಲ್ಲಿ ವಾರ್ಡಿಗೆ ಬೀಗ ಬಿದ್ದಿತು. ೧೮೭೧ರಲ್ಲಿ ಪ್ರಸೂತಿಗೃಹಗಳನ್ನು ಕುರಿತು ಆಕೆ ಪ್ರಕಟಿಸಿದ ಗ್ರಂಥ, ಹೆಣ ಕೊಯ್ಯುವ ಕೋಣೆಗೂ ಹೆರಿಗೆಯ ಕೋಣೆಗೂ ಓಡಾಟವಿರಬಾರದು, ಬಾಣಂತಿಯರನ್ನು ಒಂದೆಡೆ ಕಿಕ್ಕಿರಿಸಬಾರದು, ಹೆರಿಗೆ ರೋಗವಲ್ಲವಾದ್ದರಿಂದ ರೋಗಿಗಳ ನಡುವೆ ಹೆರಿಗೆ ಮಾಡಿಸಬಾರದು ಎಂದು ಸಾಧಿಸಿತು. ವಿಯೆನ್ನಾದಲ್ಲಿ ಡಾಕ್ಟರ್ ಸೆಮ್ಮೆಲ್‌ವೈಸ್ ೧೮೪೭ರಲ್ಲಿಯೇ ಕೈ ತೊಳೆಸಿ ಬಾಣಂತಿಯರನ್ನು ಉಳಿಸಿದ್ದನು. ಅವನ ಮಾತಿಗೆ ಆಗ ಬೆಲೆ ಬಂದಿರಲಿಲ್ಲ.

ಕಣ್ಣಿಗೆ ಕಾಣದ ಕ್ರಿಮಿಗಳಿಂದ ರೋಗ ಹರಡುತ್ತದೆಂಬ ಮತವನ್ನು ಆಕೆ ಬಹುಕಾಲ ಒಪ್ಪಲಿಲ್ಲ, ಕೆಟ್ಟ ಗಾಳಿಯೇ ಮೂಲವೆಂದು ಹಟ ಹಿಡಿದಿದ್ದಳು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ದಾದಿಯರ ಹೆಸರನ್ನು ನೋಂದಾಯಿಸಿ ಪ್ರಮಾಣಪತ್ರ ಕೊಡುವ ಚಳವಳಿಯನ್ನೂ ವಿರೋಧಿಸಿದಳು. ಪರೀಕ್ಷೆಯ ಕಾಗದ ಶೀಲವನ್ನು ಅಳೆಯಲಾರದೆಂಬುದು ಆಕೆಯ ಅಂಜಿಕೆ. ಕಾಲ ಈ ಎರಡರಲ್ಲಿಯೂ ಆಕೆಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ವಿಚಿತ್ರವೆಂದರೆ, ಕಾರಣವನ್ನು ತಪ್ಪಾಗಿ ಊಹಿಸಿದರೂ ಆಕೆ ಹೇಳಿದ ಉಪಾಯಗಳು, ಎಂದರೆ ಚೊಕ್ಕಟ ಕೈ, ಚೊಕ್ಕಟ ನೀರು, ಬೆಳಕು, ಬಿಡಿಬಿಡಿಯಾದ ಹಾಸಿಗೆಗಳು, ಕ್ರಿಮಿಗಳ ವಿರುದ್ಧವೂ ಸರಿಯಾದ ಆಯುಧಗಳೇ ಆಗಿದ್ದುವು.

ಈ ಲಂಡನ್ನಿನ ಹೆಂಗಸಿಗೂ ಕಲಘಟಗಿಗೂ ಏನು ನಂಟು ಎಂದು ವಾಚಕರು ಕೇಳಬಹುದು. ಆಕೆ ಹಿಂದುಸ್ಥಾನಕ್ಕೆ ಎಂದೂ ಬರಲಿಲ್ಲ. ಆದರೆ ಬದುಕಿನ ಸುಮಾರು ನಾಲ್ಕು ದಶಕಗಳನ್ನು ಈ ದೇಶದ ಚಿಂತೆಯಲ್ಲಿ ಕಳೆದಳು. ಇಲ್ಲಿಯ ದಂಡಿನ ಆರೋಗ್ಯವನ್ನು ವಿಚಾರಿಸಲು ೧೮೫೯ರಲ್ಲಿ ನೇಮಕವಾದ ರಾಜ ಆಯೋಗಕ್ಕಾಗಿ ಠಾಣೆ ಠಾಣೆಗೂ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳ ರಾಶಿಯನ್ನು ಹಾಸಿಗೆಯಲ್ಲಿಯೇ ಕುಳಿತು ಜಾಲಾಡಿದಳು. ಹಿಂದುಸ್ಥಾನದಲ್ಲಿದ್ದ ಬ್ರಿಟಿಷ್ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ ೬೯ ಜನ ಸಾಯುತ್ತಿದ್ದರೆಂದು ೧೮೬೩ರ ವರದಿಯಿಂದ ಲೋಕಕ್ಕೆ ತಿಳಿಯಿತು. ಹತ್ತು ವರ್ಷಗಳಲ್ಲಿ ಅದು ಹದಿನೆಂಟಕ್ಕೆ ಇಳಿಯಿತು. ಸಿಪಾಯಿಗಳಿಂದ ಆಕೆಯ ದೃಷ್ಟಿ ರೈತರತ್ತ ಹೊರಳಿತು. ಸುತ್ತಲಿನ ಹಳ್ಳಿಯಲ್ಲಿ ಕಾಲರಾ ಇರುವಾಗ ದಂಡಿನ ಬೇಲಿಯೊಳಗೆ ಆರೋಗ್ಯವನ್ನು ಕಟ್ಟಿಡಲಾಗದೆಂದು ಆಕೆ ಕಂಡುಕೊಂಡಿದ್ದಳು. ೧೮೭೬ರಿಂದ ೭೮ರವರೆಗೆ ದಕ್ಷಿಣವನ್ನು ಹುರಿದ ಭೀಕರ ಬರ ಆಕೆಯ ನಿದ್ದೆಗೆಡಿಸಿತು. ನೀರಾವರಿಗಾಗಿ, ರೈತನ ಸಾಲಪರಿಹಾರಕ್ಕಾಗಿ ಬರೆದಳು.

ಧಾರವಾಡ ಜಿಲ್ಲೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ೧೮೮೯ರಲ್ಲಿ ಆ ಇಲಾಖೆಯಲ್ಲಿ ಹಳ್ಳಿಗಳ ನೈರ್ಮಲ್ಯದ ಕಾಯಿದೆ ಜಾರಿಗೆ ಬಂದಾಗ ಆಕೆ ಅದನ್ನು ಕಣ್ಣಿಟ್ಟು ಓದಿದಳು. ಕಾಗದದ ಮೇಲಿನ ಕಾಯಿದೆಯಿಂದ ಬಾವಿ ಶುದ್ಧವಾಗದು, ಹಳ್ಳಿಯಿಂದ ಎತ್ತಿದ ಕರದ ಹಣ ಮೊದಲು ಆ ಹಳ್ಳಿಯ ನೈರ್ಮಲ್ಯಕ್ಕೇ ಸಲ್ಲಬೇಕೆಂದು ವಾದಿಸಿದಳು. ೧೮೯೪ರಲ್ಲಿ ಬುಡಾಪೆಸ್ಟಿನಲ್ಲಿ ನೆರೆದ ಆರೋಗ್ಯ ಸಮ್ಮೇಳನಕ್ಕೆ ಹಿಂದುಸ್ಥಾನದ ಹಳ್ಳಿಗಳನ್ನು ಕುರಿತೇ ಪ್ರಬಂಧ ಕಳಿಸಿದಳು. ಎರಡು ವರ್ಷಗಳ ಬಳಿಕ ಇನ್ನೊಂದು ಲೇಖನದಲ್ಲಿ, ಹಳ್ಳಿಹಳ್ಳಿಗೂ ಆರೋಗ್ಯದ ದೂತರು ಹೋಗಬೇಕು, ಭಾಷಣ ಬಿಗಿಯದೆ ಮನೆಯವರ ಸ್ನೇಹ ಗಳಿಸಿ ಮಾಡಿ ತೋರಿಸಬೇಕು ಎಂಬ ಕನಸನ್ನು ಮುಂದಿಟ್ಟಳು. ಆಕೆಯ ಪಟ್ಟಿಯಲ್ಲಿ ಕಲಘಟಗಿಯ ಹೆಸರಿರಲಿಕ್ಕಿಲ್ಲ. ಆದರೆ ಆಕೆ ಬರೆದದ್ದು ಕಲಘಟಗಿಯಂತಹ ಊರುಗಳಿಗಾಗಿಯೇ.

ಕೊನೆಯ ವರ್ಷಗಳಲ್ಲಿ ವಿಧಿಯ ವ್ಯಂಗ್ಯವೆಂಬಂತೆ ಆಕೆಯ ಕಣ್ಣುಗಳೇ ಮಂಕಾದುವು. ೧೯೦೭ರಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಆರ್ಡರ್ ಆಫ್ ಮೆರಿಟ್ ಎಂಬ ಶ್ರೇಷ್ಠ ಪದವಿ ಮೊದಲ ಬಾರಿಗೆ ಒಬ್ಬ ಹೆಂಗಸಿಗೆ ಸಂದಾಗ, ಅದು ಏನೆಂದು ಪೂರ್ತಿ ತಿಳಿಯುವ ಸ್ಥಿತಿಯಲ್ಲಿ ಆಕೆ ಇರಲಿಲ್ಲ. ೧೯೧೦ರ ಆಗಸ್ಟ್ ೧೩ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ನಿದ್ದೆಯಲ್ಲಿಯೇ ಜೀವ ಹೋಯಿತು. ವೆಸ್ಟ್‌ಮಿನ್‌ಸ್ಟರ್ ದೇವಾಲಯದ ಮಹಾಪುರುಷರ ಸಾಲಿನಲ್ಲಿ ಸಮಾಧಿಯಾಗಲೆಂಬ ಸೂಚನೆಯನ್ನು ಮನೆಯವರು ವಿನಯದಿಂದ ನಿರಾಕರಿಸಿ, ಹುಟ್ಟೂರಿನಂತೆಯೇ ಪ್ರಿಯವಾಗಿದ್ದ ಹಳ್ಳಿಯ ಚರ್ಚಿನ ಅಂಗಳದಲ್ಲಿ ಹೂಳಿದರು. ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟಿದ ಮತ್ತು ಸತ್ತ ದಿನಗಳು, ಬೇರೇನೂ ಇಲ್ಲ.

ಆಕೆ ಬಿತ್ತಿದುದು ಇಂದು ಯಾವ ರೂಪದಲ್ಲಿ ಬೆಳೆದಿದೆ? ಆಸ್ಪತ್ರೆಗಳಲ್ಲಿ ಹೃದಯ ತಟ್ಟನೆ ನಿಂತು ಸಾಯುವ ಎಷ್ಟೋ ರೋಗಿಗಳಲ್ಲಿ, ಹಲವು ಗಂಟೆ ಮೊದಲೇ ಉಸಿರಿನ ವೇಗವೂ ನಾಡಿಯೂ ಏರಿ ಮುನ್ಸೂಚನೆ ಕೊಟ್ಟಿರುತ್ತವೆಂದು ಕಳೆದ ಶತಮಾನದ ಕೊನೆಯ ಸಂಶೋಧನೆಗಳು ತೋರಿಸಿದುವು. ೧೯೯೭ರಲ್ಲಿ ಇಂಗ್ಲೆಂಡಿನ ವೈದ್ಯರು ಈ ಸೂಚನೆಗಳಿಗೆ ಅಂಕ ಕೊಟ್ಟು ಕೂಡಿಸುವ ಪದ್ಧತಿಯೊಂದನ್ನು ಮುಂದಿಟ್ಟರು. ೨೦೧೨ರಲ್ಲಿ ಅದೇ ಬಗೆಯ ಪದ್ಧತಿ ಅಲ್ಲಿ ರಾಷ್ಟ್ರಮಟ್ಟದ ಕ್ರಮವಾಯಿತು. ಉಸಿರು, ರಕ್ತದಲ್ಲಿಯ ಆಮ್ಲಜನಕ, ನಾಡಿ, ರಕ್ತದೊತ್ತಡ, ಮೈಯ ಕಾವು, ಎಚ್ಚರ ಈ ಆರನ್ನು ಅಳೆದು, ಅಂಕ ಏರಿದೊಡನೆ ದಾದಿ ಡಾಕ್ಟರರನ್ನು ಕರೆಯುತ್ತಾಳೆ. ಸೇಂಟ್ ಥಾಮಸ್ ಶಾಲೆಯ ೧೮೬೦ರ ಪಟ್ಟಿಗೂ ಇದಕ್ಕೂ ಇರುವ ಬಳಗದ ನಂಟು ಯಾರಿಗಾದರೂ ಕಂಡೀತು. ಈ ಆರರಲ್ಲಿ ಎಲ್ಲರೂ ಉದಾಸೀನ ಮಾಡುವುದು ಉಸಿರಿನ ಎಣಿಕೆಯನ್ನು. ಎಲ್ಲಕ್ಕಿಂತ ಮೊದಲು ಸುಳಿವು ಕೊಡುವುದೂ ಎಷ್ಟೋ ಸಲ ಅದೇ. ಒಂದು ನಿಮಿಷ ಎದೆಯ ಏರಿಳಿತವನ್ನು ನೋಡುತ್ತ ಎಣಿಸುವುದಕ್ಕೆ ಯಂತ್ರ ಬೇಡ, ವ್ಯವಧಾನ ಬೇಕು.

ಹೆರಿಗೆಯ ಕೋಣೆಯಲ್ಲಿಯೂ ಇದೇ ವಿದ್ಯೆ. ಮಗು ಹುಟ್ಟಿದ ಮೊದಲ ಒಂದೆರಡು ಗಂಟೆ ದಾದಿ ಬಾಣಂತಿಯ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯೆ ಎಂದು ಮತ್ತೆ ಮತ್ತೆ ನೋಡುತ್ತಾಳೆ. ಮೆತ್ತಗಾದರೆ ರಕ್ತ ಹರಿಯುತ್ತದೆ. ತೊಯ್ದ ಬಟ್ಟೆಗಳನ್ನು ಎಣಿಸುತ್ತಾಳೆ. ರಕ್ತದೊತ್ತಡ ಬೀಳುವುದಕ್ಕೆ ಮುಂಚೆ ನಾಡಿ ಓಡತೊಡಗುವುದೆಂದು ಬಲ್ಲವಳಾದ್ದರಿಂದ ನಾಡಿಯ ಮೇಲೆ ಬೆರಳಿಟ್ಟಿರುತ್ತಾಳೆ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಕಂಡರೆ ಬಾಣಂತಿಗೆ ಸೆಳವು ಬರುವುದಕ್ಕೆ ಮೊದಲೇ ಎಚ್ಚರಗೊಳ್ಳುತ್ತಾಳೆ. ಮೂರನೆಯ ದಿನ ಮೈ ಬೆಚ್ಚಗಾದರೆ, ಅದು ಹಾಲು ಇಳಿಯುವ ಕಾವೋ ನಂಜಿನ ಕಾವೋ ಎಂದು ಸಂಶಯಿಸುತ್ತಾಳೆ, ಸಂಶಯವನ್ನು ಬರೆದಿಡುತ್ತಾಳೆ. ಏನೂ ಅನಾಹುತ ಆಗದಿದ್ದರೆ ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ತಡೆದ ಕೇಡಿಗೆ ಸಾಕ್ಷಿಯಿಲ್ಲ. ದಾದಿಯ ಹೆಸರು ಯಾವ ಶಾಸನದಲ್ಲಿಯೂ ಬರೆಯಲ್ಪಡದಿರುವುದಕ್ಕೆ ಇದೇ ಕಾರಣವೋ ಏನೋ.

ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. ಕಲಘಟಗಿಯಲ್ಲಿ ತಾಲೂಕು ಆಸ್ಪತ್ರೆಯಿದೆ. ೨೦೦೫ರ ತರುವಾಯ ಹಳ್ಳಿಯವಳೇ ಆದ ಆಶಾ ಕಾರ್ಯಕರ್ತೆ ಮನೆ ಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ವಿಚಾರಿಸುತ್ತಾಳೆ. ಹಾಸಿಗೆಯಲ್ಲಿ ಮಲಗಿದ್ದ ಮುದುಕಿಯ ೧೮೯೬ರ ಕನಸಿಗೆ ಇದಕ್ಕಿಂತ ಸಮೀಪವಾದುದನ್ನು ಊಹಿಸಲಾಗದು. ಆದರೆ ಕಟ್ಟಡವೂ ಹುದ್ದೆಯೂ ತಾವಾಗಿಯೇ ಜೀವ ಉಳಿಸುವುದಿಲ್ಲವೆಂಬುದನ್ನು ಸ್ಕುಟಾರಿ ಒಮ್ಮೆ ತೋರಿಸಿದೆ. ಒಬ್ಬ ನರ್ಸಬಾಯಿಯ ಪಾಲಿಗೆ ಐವತ್ತು ಹಾಸಿಗೆ ಬಿಟ್ಟು, ಏಕೆ ನೋಡಲಿಲ್ಲವೆಂದು ಗದರಿಸುವುದು ನ್ಯಾಯವಲ್ಲ. ನೋಡುವುದಕ್ಕೆ ಕಣ್ಣು ಬೇಕು. ಕಣ್ಣಿಗೆ ಸಮಯ ಬೇಕು. ಕಂಡದ್ದನ್ನು ಅವಳು ಹೇಳಿದಾಗ ಕೇಳುವ ಕಿವಿಯೂ ಬೇಕು.

ರಾತ್ರಿ ಮೂರು ಗಂಟೆ. ತಾಲೂಕು ಆಸ್ಪತ್ರೆಯೊಂದರ ವಾರ್ಡಿನಲ್ಲಿ ಎಲ್ಲರೂ ಮಲಗಿದ್ದಾರೆ. ನರ್ಸಬಾಯಿ ಎದ್ದು ಒಂದು ಸುತ್ತು ಬರುತ್ತಾಳೆ. ಮೂಲೆಯ ಹಾಸಿಗೆಯ ಚೊಚ್ಚಲ ಬಾಣಂತಿಯ ಪಾದ ಮುಟ್ಟುತ್ತಾಳೆ, ಕೈಗಡಿಯಾರ ನೋಡುತ್ತ ಉಸಿರು ಎಣಿಸುತ್ತಾಳೆ, ಕಾಗದದಲ್ಲಿ ಒಂದು ಅಂಕಿ ಬರೆಯುತ್ತಾಳೆ, ಒಂದು ಗಳಿಗೆ ಯೋಚಿಸಿ ಡಾಕ್ಟರರಿಗೆ ಫೋನು ಮಾಡುತ್ತಾಳೆ. ಮರುದಿನ ಆ ಬಾಣಂತಿಗೆ ಇದೊಂದೂ ತಿಳಿದಿರುವುದಿಲ್ಲ. ಕೆಲವು ದಿನಗಳ ಮೇಲೆ ಅವಳ ತವರಿನವರು ಕಲಘಟಗಿಯ ತೊಟ್ಟಿಲನ್ನು ತಂದು ಕಟ್ಟುತ್ತಾರೆ. ತೂಗುವವಳು ಅವಳೇ.